ತಿರುವಿನಲ್ಲಿ ನಿಧಾನಿಸದ ನಾಯಿ

480 ಮೀಟರ್ ಓಟ. ಹೆಚ್ಚೂಕಮ್ಮಿ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಕಂಬಿಯ ಮೇಲೆ ಬೊಂಬೆ ಮೊಲವೊಂದು ಗಡಗಡ ಸದ್ದು ಮಾಡುತ್ತಾ ಬರುತ್ತದೆ. ಸಾಲಾಗಿಟ್ಟ ಪೆಟ್ಟಿಗೆಗಳ ಬಾಗಿಲು ಫಟ್ ಅಂತ ತೆರೆದುಕೊಳ್ಳುತ್ತದೆ. ಗ್ರೇಹೌಂಡ್ ಜಾತಿಯ ಆರು ನಾಯಿಗಳು ಹೊರಗೆ ಚಿಮ್ಮುತ್ತವೆ. ಒಂದನೆಯದಕ್ಕೆ ಕೆಂಪು ಅಂಗಿ, ಆಮೇಲೆ ನೀಲಿ, ಬಿಳಿ, ಕಪ್ಪು, ಕಿತ್ತಳೆ. ಆರನೆಯದಕ್ಕೆ ಕಪ್ಪು-ಬಿಳಿ ಪಟ್ಟೆ. ಬ್ರಿಟನ್ನಿನ ಟ್ರ್ಯಾಕ್‌ಗಳಲ್ಲಿ ನಾಯಿಯನ್ನು ಗುರುತಿಸುವುದು ಹೀಗೆ. ಬಾಜಿ ಕಟ್ಟುವವರಿಗೆ ಅದರ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ, ನಂಬರು ಗೊತ್ತಿದ್ದರೆ ಸಾಕು.

ಈ ಆಟದ ಬಗ್ಗೆ ಯಾರಾದರೂ ತಕರಾರು ತೆಗೆದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ. "ಗ್ರೇಹೌಂಡ್‌ಗೆ ಓಡೋದು ಅಂದ್ರೆ ಪ್ರಾಣ. ಯಾರೂ ಚಾಟಿ ಬೀಸಿ ಓಡಿಸುತ್ತಿಲ್ಲವಲ್ಲ!" ಈ ಮಾತು ಸುಳ್ಳಲ್ಲ. ಓಡುವುದು ಅದಕ್ಕೆ ನಿಜಕ್ಕೂ ಇಷ್ಟ. ನನ್ನ ತಕರಾರು ಶುರುವಾಗುವುದೂ ಇಲ್ಲಿಂದಲೇ.

ಮೊದಲು ಆ ಮೈಕಟ್ಟನ್ನು ನೋಡಿ. ಗಂಟೆಗೆ 60 ಕಿಲೋಮೀಟರಿಗೂ ಜಾಸ್ತಿ ವೇಗ. ಓಡುವಾಗ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ಮತ್ತೆ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಒಂದೊಂದು ನೆಗೆತದಲ್ಲೂ ಎರಡೆರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ದೇಹದ ತೂಕಕ್ಕೆ ಹೋಲಿಸಿದರೆ ಗುಂಡಿಗೆ ಬೇರೆ ನಾಯಿಗಳದ್ದಕ್ಕಿಂತ ದೊಡ್ಡದು. ರಕ್ತದಲ್ಲಿ ಕೆಂಪು ಕಣಗಳೂ ಜಾಸ್ತಿ. ಹಾಗಾಗಿಯೇ ನಾಯಿಗಳ ರಕ್ತನಿಧಿ ನಡೆಸುವ ಪಶುವೈದ್ಯರಿಗೆ ಗ್ರೇಹೌಂಡ್ ಅಂದರೆ ಅಚ್ಚುಮೆಚ್ಚು. ಮೈಯಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಮ್ಮಿ. ಕೆಲವು ಹಳೆಯ ಅರಿವಳಿಕೆ ಮದ್ದು ಕೊಟ್ಟರೆ ಬೇರೆ ನಾಯಿಗಳು ಎದ್ದು ಓಡಾಡುವ ಹೊತ್ತಿಗೂ ಇದು ಮಲಗಿಯೇ ಇರುತ್ತದೆ, ಏಕೆಂದರೆ ಆ ಮದ್ದನ್ನು ಕರಗಿಸುವ ಕೆಲಸ ಇದರ ಯಕೃತ್ತಿನಲ್ಲಿ ನಿಧಾನ.

ಇಂಥ ದೇಹ ನೆಟ್ಟಗೆ ಓಡಿದರೆ ನೋಡಲು ಚೆಂದ. ಆದರೆ ಟ್ರ್ಯಾಕು ನೆಟ್ಟಗಿಲ್ಲ. ಅದು ಮೊಟ್ಟೆಯಾಕಾರ.

ತಿರುವಿನಲ್ಲಿ ಕಾಲಿನ ಮೇಲೆ ಮೈಭಾರದ ಜೊತೆಗೆ ಇನ್ನೊಂದು ಒತ್ತಡ ಸೇರಿಕೊಳ್ಳುತ್ತದೆ. ವೇಗ ಎರಡು ಪಟ್ಟಾದರೆ ಹೀಗೆ ಸೇರುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ತಿರುವು ಕಿರಿದಾದಷ್ಟೂ ಹೆಚ್ಚುತ್ತದೆ. ಮನುಷ್ಯ ಓಟಗಾರ ತಿರುವಿಗೆ ಬಂದಾಗ ಪಾದವನ್ನು ನೆಲದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಊರುತ್ತಾನೆ. ಭಾರ ಹಂಚಿಹೋಗುತ್ತದೆ, ವೇಗ ತಾನಾಗಿಯೇ ಇಳಿಯುತ್ತದೆ. ಗ್ರೇಹೌಂಡ್ ಏನು ಮಾಡುತ್ತದೆ? 2005ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳಾದ ಜೇಮ್ಸ್ ಅಷರ್‌ವುಡ್ ಮತ್ತು ಅಲನ್ ವಿಲ್ಸನ್ ಇದನ್ನು ಅಳೆದು ನೋಡಿದರು. ಅದು ಏನೂ ಮಾಡುವುದಿಲ್ಲ! ಪಾದ ಊರುವ ಹೊತ್ತನ್ನು ಬದಲಿಸುವುದಿಲ್ಲ, ನಿಧಾನಿಸುವುದೂ ಇಲ್ಲ. ಕಡಿದಾದ ತಿರುವಿನಲ್ಲಿ ಕಾಲಿನ ಮೇಲೆ ಬೀಳುವ ಒತ್ತಡ 65% ಏರುತ್ತದೆ. ಅಷ್ಟನ್ನೂ ಅದರ ಮೂಳೆಗಳು ಸುಮ್ನೆ ಹೊರುತ್ತವೆ.

ಅಂದರೆ ಇಲ್ಲಿ ಬ್ರೇಕ್ ಇಲ್ಲ. "ಇಷ್ಟಪಟ್ಟು ಓಡುತ್ತದೆ" ಅನ್ನುವ ಸಮಾಧಾನ ಇಲ್ಲಿ ತಿರುಗುಬಾಣ ಆಗುತ್ತದೆ. ಇಷ್ಟಪಟ್ಟು ಓಡುವುದರಿಂದಲೇ ಅದು ತನ್ನ ಕಾಲನ್ನು ಕಾಪಾಡಿಕೊಳ್ಳುವುದಿಲ್ಲ. ಕಾಪಾಡಬೇಕಾದವರು ಆ ತಿರುವನ್ನು ರೂಪಿಸಿದವರು.

ಒಂದು ಮೂಳೆಯ ಕತೆ ಹೇಳುತ್ತೇನೆ. ನಾಯಿಯ ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಬಾಗಿದ ಕೀಲೊಂದು ಇದೆಯಲ್ಲ, ಅದು ನಮ್ಮ ಹಿಮ್ಮಡಿಯ ಮೇಲಿನ ಕೀಲಿಗೆ ಸಮ. ಆ ಕೀಲಿನೊಳಗೆ, ಬೇರೆ ಪುಟ್ಟ ಮೂಳೆಗಳ ನಡುವೆ ಸಿಕ್ಕಿಕೊಂಡಂತೆ ಒಂದು ಚಿಕ್ಕ ಮೂಳೆ ಕೂತಿರುತ್ತದೆ. ರೇಸ್ ನಾಯಿಗಳಲ್ಲಿ ಇದು ಮುರಿಯುವುದು ಹೆಚ್ಚಾಗಿ ಬಲಗಾಲಿನಲ್ಲೇ. ಎಡಗಾಲಿನಲ್ಲಿ ಅಪರೂಪ. ಕಾರಣ ಸರಳ. ಓಟ ಯಾವಾಗಲೂ ಎಡಕ್ಕೇ, ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಪ್ರತಿ ತಿರುವಿನಲ್ಲೂ ಹೊರಗಡೆಯ ಬಲಗಾಲಿಗೆ ಏಟು. ಮೂಳೆ ಜೀವಂತ ವಸ್ತು. ಭಾರ ಬಿದ್ದಲ್ಲಿ ಗಟ್ಟಿಯಾಗಲು ನೋಡುತ್ತದೆ. ಸ್ಕ್ಯಾನ್‌ನಲ್ಲಿ ನೋಡಿದರೆ ಓಡಿದ ನಾಯಿಯ ಬಲಗಾಲಿನ ಈ ಮೂಳೆ ಎಡಗಾಲಿನದ್ದಕ್ಕಿಂತ ದಟ್ಟವಾಗಿರುತ್ತದೆ. ಜೊತೆಗೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಿರುಕುಗಳೂ ಸೇರುತ್ತಾ ಹೋಗುತ್ತವೆ. ರಿಪೇರಿ ಮುಗಿಯುವ ಮೊದಲೇ ಮುಂದಿನ ಓಟ ಬಂದಿರುತ್ತದೆ. ಒಂದು ದಿನ ಬೇರೆ ನಾಯಿ ತಾಗದಿದ್ದರೂ, ಎಡವದಿದ್ದರೂ ಮೂಳೆ ಪುಡಿಯಾಗುತ್ತದೆ. ಜನ ಅದನ್ನು ಆಕಸ್ಮಿಕ ಅನ್ನುತ್ತಾರೆ. ಎಡ-ಬಲ ಇಷ್ಟು ಖಚಿತವಾಗಿರುವ ಆಕಸ್ಮಿಕ ಎಲ್ಲಾದರೂ ಉಂಟೇ?

ಇನ್ನು ಡಿಕ್ಕಿಯ ಮಾತು. ಆಸ್ಟ್ರೇಲಿಯಾದಲ್ಲಿ ಒಂದು ಓಟಕ್ಕೆ ಎಂಟು ನಾಯಿ ಬಿಡುತ್ತಾರೆ. ಎಲ್ಲಕ್ಕೂ ಕಣ್ಣು ಒಂದೇ ಬೊಂಬೆಯ ಮೇಲೆ. ಹಾಗಾಗಿ ಮೊದಲ ತಿರುವಿಗೆ ಬರುವ ಹೊತ್ತಿಗೆ ಎಲ್ಲವೂ ಒಂದೇ ಕಡೆ ಒತ್ತರಿಸಿಕೊಂಡಿರುತ್ತವೆ. ಒಂದು ಬಿದ್ದರೆ ಹಿಂದಿನ ಮೂರು ಅದರ ಮೇಲೆ. ಸಿಡ್ನಿಯ ತಂತ್ರಜ್ಞಾನ ವಿಶ್ವವಿದ್ಯಾಲಯದ ಎಂಜಿನಿಯರುಗಳು ಓಟಗಳ ವಿಡಿಯೊ ಮತ್ತು ಗಾಯದ ದಾಖಲೆ ನೋಡಿ 2017ರಲ್ಲಿ ವರದಿ ಕೊಟ್ಟರು. ನೇರ ಟ್ರ್ಯಾಕ್ ಮಾಡಿ, ಎಂಟರ ಬದಲು ಆರು ನಾಯಿ ಬಿಡಿ ಅಂದರು. ಅದನ್ನು ಕೇಳಿ ಬರೆಸಿದ್ದು ರೇಸ್ ನಡೆಸುವ ಸಂಸ್ಥೆಯೇ! ಕೆಲವು ನೇರ ಟ್ರ್ಯಾಕುಗಳು ಇವೆ, ಇಲ್ಲವೆಂದಲ್ಲ. ಆದರೂ ಮೊಟ್ಟೆಯಾಕಾರವೇ ಉಳಿದಿದೆ. ಕೂತಲ್ಲಿಂದಲೇ ಇಡೀ ಓಟ ಕಾಣಬೇಕಲ್ಲ.

ಗಾಯವಾದ ಮೇಲೆ ಲೆಕ್ಕ ಬೇರೆ. ಮುರಿದ ಆ ಮೂಳೆಗೆ ಸ್ಕ್ರೂ ಹಾಕಿ ಸರಿಮಾಡಬಹುದು. ನಾಯಿ ರೇಸಿಗೆ ಮರಳದಿದ್ದರೂ ಮನೆಯಲ್ಲಿ ಆರಾಮಾಗಿ ಬಾಳುತ್ತದೆ. ಆದರೆ ಗೆಲ್ಲದ ನಾಯಿಗೆ ಆಪರೇಷನ್ ಖರ್ಚು ಹಾಕುವವರು ಯಾರು? ಬ್ರಿಟನ್ನಿನ ರೇಸ್ ಮಂಡಳಿಯೇ ಕೊಟ್ಟ ಅಂಕಿಗಳ ಪ್ರಕಾರ 2018ರಲ್ಲಿ ಚಿಕಿತ್ಸೆಯ ಖರ್ಚಿನ ಕಾರಣಕ್ಕೆ ಕೊಂದ ನಾಯಿಗಳು 175. ಆ ವರ್ಷದ ಕೊನೆಗೆ ಚಿಕಿತ್ಸೆಗೆ ಹಣ ಕೊಡುವ ಯೋಜನೆ ಬಂತು. ಮುಂದಿನ ವರ್ಷಗಳಲ್ಲಿ ಆ ಸಂಖ್ಯೆ ಬೆರಳೆಣಿಕೆಗೆ ಇಳಿಯಿತು. ಒಳ್ಳೆಯದೇ ಆಯಿತು, ಮೆಚ್ಚಬೇಕು. ಆದರೆ ಅದಕ್ಕೂ ಮೊದಲು ಸತ್ತವು ವಾಸಿಯಾಗದ ಗಾಯದಿಂದ ಸತ್ತದ್ದಲ್ಲ ಅನ್ನುವುದೂ ಇದರಿಂದಲೇ ಗೊತ್ತಾಯಿತಲ್ಲ. ಟ್ರ್ಯಾಕಿನ ಗಾಯ ಮಾತ್ರ ನಿಂತಿಲ್ಲ. 2024ರಲ್ಲೂ ಅಲ್ಲಿ 3,800ಕ್ಕೂ ಹೆಚ್ಚು ಗಾಯಗಳು ದಾಖಲಾದವು, ನೂರಕ್ಕೂ ಹೆಚ್ಚು ನಾಯಿಗಳು ಟ್ರ್ಯಾಕಿನಲ್ಲೇ ಸತ್ತವು.

ಟ್ರ್ಯಾಕಿನವರೆಗೆ ಬಾರದವುಗಳ ಪಾಡು ಇನ್ನೂ ಕೆಟ್ಟದ್ದು. ಗ್ರೇಹೌಂಡ್ ಹನ್ನೆರಡು ವರ್ಷ ಬದುಕಬಲ್ಲ ನಾಯಿ. ಒಂದೂವರೆ ವರ್ಷಕ್ಕೆ ಓಟ ಶುರು, ನಾಲ್ಕು-ಐದಕ್ಕೆ ಮುಗಿಯಿತು. ಎಷ್ಟೋ ಮರಿಗಳು ಅಷ್ಟು ವೇಗ ತೋರಿಸುವುದೇ ಇಲ್ಲ. ಈ ಧಂದೆಯಲ್ಲಿ ಅವುಗಳಿಗೆ ಇಟ್ಟ ಹೆಸರು 'ವೇಸ್ಟೇಜ್'. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಮೈಕಲ್ ಮೆಕ್‌ಹ್ಯೂ ತನಿಖೆ ನಡೆಸಿ 2016ರಲ್ಲಿ ವರದಿ ಕೊಟ್ಟರು. ಹಿಂದಿನ 12 ವರ್ಷಗಳಲ್ಲಿ ಆ ಒಂದು ರಾಜ್ಯದಲ್ಲೇ 48 ಸಾವಿರದಿಂದ 68 ಸಾವಿರ ನಾಯಿಗಳನ್ನು ಕೊಂದಿರಬಹುದು ಅಂತ ಅದರಲ್ಲಿತ್ತು. ಹುಟ್ಟಿದವುಗಳಲ್ಲಿ ಕಮ್ಮಿಯೆಂದರೂ ಅರ್ಧ.

ಆ ತನಿಖೆಗೆ ಕಾರಣವಾದದ್ದು 2015ರ ಒಂದು ಟಿವಿ ವರದಿ. ನಾಯಿಗಳಿಗೆ ಬೇಟೆಯ ಹುಚ್ಚು ಹಿಡಿಸಲು ಕೆಲವು ತರಬೇತುದಾರರು ಜೀವಂತ ಹಂದಿಮರಿ, ಮೊಲಗಳನ್ನು ಕಟ್ಟಿ ಎಳೆಯುತ್ತಿದ್ದುದು ಗುಪ್ತ ಕ್ಯಾಮೆರಾದಲ್ಲಿ ಸಿಕ್ಕಿತು. ಹಿಂದೆ ನಿಜವಾದ ಮೊಲವನ್ನೇ ಬಿಟ್ಟು ಅಟ್ಟಿಸುತ್ತಿದ್ದರು. 1919ರಲ್ಲಿ ಅಮೆರಿಕದ ಓವನ್ ಪ್ಯಾಟ್ರಿಕ್ ಸ್ಮಿತ್ ಯಂತ್ರದ ಮೊಲ ಬಳಸಿ ಕ್ಯಾಲಿಫೋರ್ನಿಯಾದಲ್ಲಿ ಟ್ರ್ಯಾಕ್ ತೆರೆದ ಮೇಲೆ ಈ ಕ್ರೀಡೆಯಲ್ಲಿ ಮೊಲ ಸಾಯುವುದು ತಪ್ಪಿತು ಅಂದುಕೊಂಡಿದ್ದೆವು. ನೂರು ವರ್ಷ ಕಳೆಯುವುದರೊಳಗೆ ಹಿಂಬಾಗಿಲಿನಿಂದ ಅದು ಒಳಗೆ ಬಂದಾಗಿತ್ತು.

ನ್ಯೂ ಸೌತ್ ವೇಲ್ಸ್ ಸರ್ಕಾರ 2016ರ ಜುಲೈಯಲ್ಲಿ ನಿಷೇಧ ಘೋಷಿಸಿತು. ಮೂರು ತಿಂಗಳಲ್ಲಿ ಮಾತು ಹಿಂದಕ್ಕೆ ತೆಗೆದುಕೊಂಡಿತು. ಅಮೆರಿಕದ ಫ್ಲಾರಿಡಾದಲ್ಲಿ 2018ರಲ್ಲಿ ಮತಕ್ಕೆ ಹಾಕಿದಾಗ 69% ಜನ ಈ ಓಟ ಬೇಡ ಅಂದರು, 2020ರ ಕೊನೆಗೆ ಅಲ್ಲಿ ಓಟ ನಿಂತಿತು. ನ್ಯೂಜಿಲೆಂಡ್ 2024ರ ಡಿಸೆಂಬರಿನಲ್ಲಿ, ಬ್ರಿಟನ್ನಿನ ವೇಲ್ಸ್ 2025ರಲ್ಲಿ ಮುಚ್ಚುವ ನಿರ್ಧಾರ ಹೇಳಿದವು. ಮುಚ್ಚಿದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಚೀನಾದ ಮಕಾವಿನ ಟ್ರ್ಯಾಕ್ 2018ರಲ್ಲಿ ಬಾಗಿಲು ಹಾಕಿದಾಗ 500ಕ್ಕೂ ಹೆಚ್ಚು ನಾಯಿಗಳು ಒಳಗೇ ಉಳಿದಿದ್ದವು. ಒಂದೊಂದಕ್ಕೂ ಬೇರೆ ಬೇರೆ ದೇಶಗಳಲ್ಲಿ ಮನೆ ಹುಡುಕಬೇಕಾಯಿತು.

ಹಾಗೆ ಮನೆ ಸೇರಿದ ನಾಯಿ ಮೊದಲ ದಿನ ಮೆಟ್ಟಿಲ ಮುಂದೆ ನಿಂತುಬಿಡುವುದುಂಟು. ಹತ್ತುವುದು ಹೇಗೆ ಅಂತ ಗೊತ್ತಿಲ್ಲ, ಗೂಡಿನಲ್ಲಿ ಮೆಟ್ಟಿಲು ಇರಲಿಲ್ಲವಲ್ಲ. ಯಾರಾದರೂ ಮುಂಗಾಲನ್ನು ಹಿಡಿದು ಒಂದೊಂದೇ ಮೆಟ್ಟಿಲ ಮೇಲೆ ಇಟ್ಟು ಕಲಿಸಬೇಕು. ಗಾಜಿನ ಬಾಗಿಲಿಗೆ ಮೂತಿ ಬಡಿಸಿಕೊಳ್ಳುತ್ತದೆ. ಕೆಲವು ವಾರ ಕಳೆದ ಮೇಲೆ ಬೇಲಿ ಹಾಕಿದ ಬಯಲಿನಲ್ಲಿ ಹಗ್ಗ ಬಿಚ್ಚಿದರೆ ಓಡುತ್ತದೆ, ಯಾರೂ ಹೇಳದೆಯೇ. ಒಂದು ಸುತ್ತು ಎಡಕ್ಕೆ, ಮನಸ್ಸಾದರೆ ಇನ್ನೊಂದು ಬಲಕ್ಕೆ. ಒಂದು ನಿಮಿಷವೂ ಆಗಿರುವುದಿಲ್ಲ, ನಾಲಗೆ ಚಾಚಿಕೊಂಡು ವಾಪಸ್ಸು ಬರುತ್ತದೆ. ಆಮೇಲೆ ಸೋಫಾ ಏರಿ ಮಲಗಿತೆಂದರೆ ಸಂಜೆಯವರೆಗೆ ಏಳುವ ಮಾತಿಲ್ಲ.