ಸ್ಟ್ಯಾಂಡ್‌ಆಫ್ ಎಣಿಸಿ, ಸ್ಕ್ರೂ ನೋಡಿ

ಬೆಂಗಳೂರಿನ ಎಸ್.ಪಿ. ರೋಡಿನಿಂದ ಸಾಮಾನು ತಂದು ಮನೆಯಲ್ಲೇ ಜೋಡಿಸಿದ ಕಂಪ್ಯೂಟರು ಆನ್ ಆಗದೆ ನನ್ನ ಟೇಬಲ್ಲಿಗೆ ಬಂದಾಗ, ಜೊತೆಗೊಂದು ತೀರ್ಪೂ ಬರುತ್ತದೆ: ‘ಬೋರ್ಡ್ ಹೋಗಿದೆ ಸಾರ್.’ ನಿಜವಾಗಿ ಹೋಗಿರುವುದು ಅಪರೂಪ. ಫ್ಯಾನು ಒಮ್ಮೆ ಅಲುಗಿ ನಿಂತುಬಿಟ್ಟರೆ ನಾನು ಮೊದಲು ಬೋರ್ಡನ್ನು, ಅಂದರೆ ಎಲ್ಲ ಭಾಗಗಳೂ ಕೂಡುವ ಮದರ್‌ಬೋರ್ಡನ್ನು, ಬಿಚ್ಚಿ ಅದರ ಹಿಂಬದಿ ನೋಡುತ್ತೇನೆ.

ಮದರ್‌ಬೋರ್ಡನ್ನು ಕ್ಯಾಬಿನೆಟ್ಟಿನ ತಗಡಿಗೆ ತಾಗದಂತೆ ಎತ್ತಿ ಹಿಡಿಯುವುದು ಸ್ಟ್ಯಾಂಡ್‌ಆಫ್ ಎಂಬ ಗಿಡ್ಡ ಹಿತ್ತಾಳೆ ಕಂಬಗಳು. ಎಟಿಎಕ್ಸ್ ಎಂಬ ಗಾತ್ರದ ಬೋರ್ಡಿನ ಅಳತೆ 305 × 244 ಮಿ.ಮೀ.; ಮೈಕ್ರೊ ಎಟಿಎಕ್ಸ್ ಹೆಚ್ಚೆಂದರೆ 244ರ ಚೌಕ. ಅಗ್ಗದ ಬೋರ್ಡುಗಳು ಇನ್ನೂ ಕಿರಿದಾಗಿರುತ್ತವೆ, ತೂತುಗಳೂ ಕಡಿಮೆ. ಹಳೆಯ ಬೋರ್ಡಿಗೆ ಹಾಕಿದ್ದ ಕಂಬವೊಂದು ಹೊಸದರ ತೂತಿಲ್ಲದ ಜಾಗದಲ್ಲಿ ಉಳಿದರೆ, ಬೆಸುಗೆಯ ಮೊನೆಗೆ ತಾಗಿ ಶಾರ್ಟ್ ಆಗುತ್ತದೆ. ಪವರ್ ಸಪ್ಲೈ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ಬೋರ್ಡಿನಲ್ಲಿ ಎಷ್ಟು ತೂತೋ ಅಷ್ಟೇ ಕಂಬ, ಅದೂ ಆ ತೂತುಗಳ ಕೆಳಗೇ.

ಇನ್ನು ಸ್ಕ್ರೂ. ಎರಡು ಜಾತಿಯವನ್ನೂ ಒಂದೇ ಪೊಟ್ಟಣದಲ್ಲಿ ಸುರಿದು ಕೊಡುವ ಕ್ಯಾಬಿನೆಟ್ ಕಂಪನಿಗಳ ಮೇಲೆ ನನಗೆ ಸಿಟ್ಟಿದೆ. ದಪ್ಪ ಮರೆಯದ್ದು (ಮರೆ ಎಂದರೆ ಸ್ಕ್ರೂವಿನ ಸುರುಳಿ ಗೆರೆ, ಥ್ರೆಡ್) 6-32: ಪವರ್ ಸಪ್ಲೈಗೆ, 3.5 ಇಂಚಿನ ಹಾರ್ಡ್ ಡಿಸ್ಕಿಗೆ. ಸಣ್ಣ ಮರೆಯದ್ದು ಎಂ3: 2.5 ಇಂಚಿನ ಎಸ್‌ಎಸ್‌ಡಿಗೆ. ದಪ್ಪದ್ದನ್ನು ಎಸ್‌ಎಸ್‌ಡಿಗೆ ಒತ್ತಿ ತಿರುಗಿಸಿದರೆ ಮರೆ ಕಿತ್ತುಹೋಗುತ್ತದೆ. ಮೊದಲೆರಡು ಸುತ್ತು ಬೆರಳಲ್ಲೇ ಹೋಗಬೇಕು. ಹೋಗದಿದ್ದರೆ ಸ್ಕ್ರೂ ಬೇರೆ ಎಂದೇ ಅರ್ಥ.

ಫ್ಯಾನೆಲ್ಲ ಓಡುತ್ತಿದ್ದರೂ ಮಾನಿಟರ್ ಕಪ್ಪಾಗಿದ್ದರೆ ಬೋರ್ಡಿನ ಮೇಲ್ತುದಿಯಲ್ಲಿರುವ 8 ಪಿನ್ನಿನ ಸಿಪಿಯು (ಪ್ರೊಸೆಸರ್) ಕನೆಕ್ಟರ್ ನೋಡಿ. ಮೂಲೆಯಲ್ಲಿರುವುದರಿಂದ ಅದನ್ನು ಮರೆಯುವವರು ಬಹಳ. ಅದಕ್ಕೆ ಬರುವ ವೈರಿನ ತುದಿ 4+4, ಅಂದರೆ ನಾಲ್ಕು ಪಿನ್ನಿನ ಎರಡು ತುಂಡು. ಗ್ರಾಫಿಕ್ಸ್ ಕಾರ್ಡಿನದು 6+2. ನೋಡಲು ಒಂದೇ ಥರ ಕಂಡರೂ 12 ವೋಲ್ಟೂ ಗ್ರೌಂಡೂ ಅದಲುಬದಲು. ಬಲವಂತವಾಗಿ ತುರುಕಿದರೆ ಮಾತ್ರ ನನ್ನ ಗಿರಾಕಿಯ ತೀರ್ಪು ನಿಜವಾದೀತು. ಮಾಡ್ಯುಲರ್, ಅಂದರೆ ವೈರು ಬಿಚ್ಚಿ ಹಾಕಬಹುದಾದ, ಪವರ್ ಸಪ್ಲೈ ಬದಲಿಸುವಾಗ ಹಳೆಯ ವೈರುಗಳನ್ನೇ ಉಳಿಸಿಕೊಳ್ಳುವುದೂ ಅಷ್ಟೇ ಅಪಾಯ. ಸಪ್ಲೈ ಕಡೆಯ ಪಿನ್ನಿನ ಕ್ರಮಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವೇ ಇಲ್ಲ.

ನಾಲ್ಕು ಸ್ಲಾಟಿದ್ದು ರ‍್ಯಾಮ್ ಎರಡೇ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯದು, ನಾಲ್ಕನೆಯದು. ಡಿಡಿಆರ್5 ಎಂಬ ಬಗೆಯ ರ‍್ಯಾಮ್ ಆದರೆ ಮೊದಲ ಸಲ ಕೆಲವು ನಿಮಿಷ ಏನೂ ಕಾಣದಿರಬಹುದು. ಗಾಬರಿಯಾಗಿ ಆಫ್ ಮಾಡಬೇಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಕಾರ್ಡಿಗೇ ಹೋಗಲಿ.

ಇಷ್ಟಾದರೂ ಏಳದಿದ್ದರೆ ಬೋರ್ಡನ್ನು ಹೊರತೆಗೆದು ಅದರದೇ ರಟ್ಟಿನ ಡಬ್ಬಿಯ ಮೇಲಿಡಿ. ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಅಗತ್ಯವಿದ್ದರೆ ಕಾರ್ಡ್, ಇಷ್ಟರಲ್ಲೇ ಆನ್ ಮಾಡಿ. ಅಲ್ಲಿ ಚಾಲೂ ಆಯಿತೆಂದರೆ ಕ್ಯಾಬಿನೆಟ್ಟಿನೊಳಗೆ ಟಾರ್ಚ್ ಹಾಕಿ ಹುಡುಕಬೇಕಾದ್ದು ಹೆಚ್ಚುವರಿ ಕಂಬವನ್ನೋ, ಜಾರಿ ಬಿದ್ದ ಸ್ಕ್ರೂವನ್ನೋ.