ನಂಬಕ್ಕಾ ಹೊಳೆಯಲ್ಲಿ ಸಿಕ್ಕ ಬಟ್ಟೆ

1991ರಲ್ಲಿ ಆಸ್ಟ್ರೇಲಿಯಾದ ನಂಬಕ್ಕಾ ಹೊಳೆಯಲ್ಲಿ ಮೀನು ಹಿಡಿಯಲು ಹೋದವರೊಬ್ಬರಿಗೆ ಹೆಣ್ಣುಮಗಳ ಬಟ್ಟೆ ಸಿಕ್ಕಿತು. ನೀರಲ್ಲಿ ತೇಲಿಬಂದ ಬಟ್ಟೆಯಲ್ಲ ಅದು, ಮೇಲೇಳದಂತೆ ಕಲ್ಲು ಹೇರಿ ಮುಳುಗಿಸಿದ್ದು. ತಿಂಗಳುಗಟ್ಟಲೆಯಿಂದ ಕಾಣೆಯಾಗಿದ್ದ 16 ವರ್ಷದ ಕೊಲೀನ್ ವಾಕರ್-ಕ್ರೇಗ್ ತೊಟ್ಟ ಬಟ್ಟೆ. ಮಗಳಿಗೆ ಏನೋ ಆಗಿದೆ ಎಂದು ಮನೆಯವರು ಮೊದಲ ದಿನದಿಂದಲೂ ಹೇಳುತ್ತಲೇ ಇದ್ದರು. ಕಲ್ಲು ಕಟ್ಟಿದ ಆ ಬಟ್ಟೆ ಕಾಣುವವರೆಗೆ ಅವರ ಮಾತಿಗೆ ಬೆಲೆ ಇರಲಿಲ್ಲ.

ಸಿಡ್ನಿಯಿಂದ ಉತ್ತರಕ್ಕೆ ಸುಮಾರು 500 ಕಿ.ಮೀ. ದೂರದ ಬೌರಾವಿಲ್ ಒಂದು ಸಣ್ಣ ಊರು. ಗುಂಬೈಂಗಿರ್ ಮೂಲನಿವಾಸಿಗಳ ನೆಲ. ಊರಂಚಿನಲ್ಲಿ ಅವರ ಕೇರಿ. ಅದನ್ನು ಎಲ್ಲರೂ 'ಮಿಷನ್' ಎಂದೇ ಕರೆಯುತ್ತಾರೆ. ಊರಿನ ಚಿತ್ರಮಂದಿರದಲ್ಲಿ ಮೂಲನಿವಾಸಿಗಳಿಗೆ ಬೇರೆಯದೇ ಬಾಗಿಲು, ಬೇರೆಯದೇ ಆಸನ ಇದ್ದವು. 1965ರಲ್ಲಿ ಚಾರ್ಲ್ಸ್ ಪರ್ಕಿನ್ಸ್ ಮತ್ತು ಸಿಡ್ನಿಯ ವಿದ್ಯಾರ್ಥಿಗಳು ಜನಾಂಗ ಭೇದದ ವಿರುದ್ಧ ಬಸ್ಸಿನಲ್ಲಿ ಹೊರಟ ಯಾತ್ರೆ ಈ ಊರಿಗೂ ಬಂದಿತ್ತು. ಮುಂದಿನದೆಲ್ಲ ಅರ್ಥವಾಗಬೇಕಾದರೆ ಆ ಬೇರೆ ಬಾಗಿಲನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಕೊಲೀನ್ ಕೊನೆಯ ಸಲ ಕಂಡದ್ದು 1990ರ ಸೆಪ್ಟೆಂಬರ್ 13ರ ರಾತ್ರಿ, ಮಿಷನ್‌ನಲ್ಲಿ ನಡೆದ ಒಂದು ಪಾರ್ಟಿಯಲ್ಲಿ. ದೂರು ಕೊಡಲು ಹೋದವರಿಗೆ ಪೊಲೀಸರು ಹೇಳಿದ್ದು, 'ವಾಕ್‌ಅಬೌಟ್' ಹೋಗಿರಬಹುದು ಅಂತ. ಮೂಲನಿವಾಸಿಗಳು ಹೇಳದೆ ಕೇಳದೆ ಅಲೆಯಲು ಹೋಗುವವರು ಎಂದು ಬಿಳಿಯರು ಹಚ್ಚಿದ ಹಣೆಪಟ್ಟಿ ಅದು. ಮೂರು ವಾರ ಕಳೆಯುವಷ್ಟರಲ್ಲಿ, ಅಕ್ಟೋಬರ್ 4ರ ರಾತ್ರಿ, ಮನೆಯೊಳಗೆ ಮಲಗಿದ್ದ ನಾಲ್ಕು ವರ್ಷದ ಎವ್ಲಿನ್ ಕಾಣೆಯಾದಳು. ಆ ವಯಸ್ಸಿನ ಮಗು ಅಲೆಯಲು ಹೋಯಿತು ಎನ್ನುವಂತಿಲ್ಲವಲ್ಲ; ಅನುಮಾನ ಹೆತ್ತವರ ಕಡೆಗೇ ತಿರುಗಿತು. 1991ರ ಜನವರಿ ಕೊನೆಯ ರಾತ್ರಿ 16 ವರ್ಷದ ಕ್ಲಿಂಟನ್. ಐದು ತಿಂಗಳು, ಒಂದೇ ಕೇರಿ, ಮೂರು ಮಕ್ಕಳು. ಫೆಬ್ರುವರಿಯಲ್ಲಿ ಕ್ಲಿಂಟನ್‌ನ ಶವ, ಏಪ್ರಿಲ್‌ನಲ್ಲಿ ಎವ್ಲಿನ್‌ಳ ಅವಶೇಷ, ಎರಡೂ ಊರ ಹೊರಗಿನ ಕಾಂಗರಿನಿ ರಸ್ತೆಯ ಆಸುಪಾಸಿನ ಕಾಡಿನಲ್ಲೇ ಸಿಕ್ಕವು. ಕೊಲೀನ್ ಮಾತ್ರ ಸಿಗಲಿಲ್ಲ.

ಪೊಲೀಸರು ಸ್ಥಳೀಯ ಬಿಳಿಯನೊಬ್ಬನನ್ನು ಬಂಧಿಸಿದರು. ಇಲ್ಲಿಂದ ಮುಂದೆ ಕಥೆ ಕಾನೂನಿನ ಸಿಕ್ಕಿಗೆ ಬೀಳುತ್ತದೆ. ಮೂರೂ ಸಾವು ಒಂದೇ ಕೈಯಿಂದ ಆದವು ಎನ್ನುವುದು ಕುಟುಂಬಗಳ ನಂಬಿಕೆ, ಪೊಲೀಸರ ವಾದವೂ ಅದೇ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಸಾಕ್ಷ್ಯ ತೆಳು, ಜೊತೆಗಿಟ್ಟರೆ ತೂಕ ಬರುತ್ತದೆ. ಆದರೆ ಪ್ರಕರಣಗಳನ್ನು ಬೇರೆ ಬೇರೆಯಾಗಿಯೇ ನಡೆಸಬೇಕೆಂದು ನ್ಯಾಯಾಲಯ ಹೇಳಿತು. 1994ರಲ್ಲಿ ಕ್ಲಿಂಟನ್ ಕೊಲೆ ಆರೋಪದಿಂದ ಆತ ಖುಲಾಸೆಯಾದ. ಮರುತನಿಖೆ, 2004ರ ಮರಣ ವಿಚಾರಣೆ ಎಲ್ಲ ಮುಗಿದು 2006ರಲ್ಲಿ ಎವ್ಲಿನ್ ಪ್ರಕರಣ ಜ್ಯೂರಿಯ ಮುಂದೆ ಬಂತು, ಮತ್ತೆ ಖುಲಾಸೆ. ಕೊಲೀನ್‌ಳ ಸಾವಿನ ಸಾಕ್ಷ್ಯವನ್ನು ಎರಡೂ ಜ್ಯೂರಿಗಳು ಕೇಳಲೇ ಇಲ್ಲ. ಅವಳ ಕೊಲೆಗಾಗಿ ಯಾರ ವಿಚಾರಣೆಯೂ ಇಂದಿನವರೆಗೆ ನಡೆದಿಲ್ಲ.

ಖುಲಾಸೆಯಾದವನನ್ನು ಅದೇ ಆರೋಪದ ಮೇಲೆ ಮತ್ತೆ ಕಟಕಟೆಗೆ ತರುವಂತಿಲ್ಲ ಎಂಬ ಹಳೆಯ ತತ್ವವನ್ನು ನ್ಯೂ ಸೌತ್ ವೇಲ್ಸ್ ರಾಜ್ಯ 2006ರಲ್ಲೇ ಸಡಿಲಿಸಿತು. 'ಹೊಸದೂ ಬಲವಾದದ್ದೂ' ಆದ ಸಾಕ್ಷ್ಯವಿದ್ದರೆ ಮರುವಿಚಾರಣೆ ಸಾಧ್ಯ. ಹಾಗಾದರೆ ಹೊಸದು ಎಂದರೆ ಯಾವುದು? ಹಿಂದಿನ ವಿಚಾರಣೆಯಲ್ಲಿ 'ಮಂಡಿಸದ', ಎಷ್ಟೇ ಶ್ರದ್ಧೆ ವಹಿಸಿದರೂ ಮಂಡಿಸಲು ಆಗದಿದ್ದ ಸಾಕ್ಷ್ಯ. ಮಂಡಿಸುವುದು ಎಂದರೆ ನ್ಯಾಯಾಲಯ ಅದನ್ನು ಸ್ವೀಕರಿಸುವುದು ಎಂದರ್ಥ, 1994ರ ನಿಯಮದಡಿ ಸ್ವೀಕಾರವಾಗದಿದ್ದ ಉಳಿದ ಸಾವುಗಳ ಸಾಕ್ಷ್ಯ, ನಿಯಮ ಬದಲಾದ ಮೇಲೆ ಈಗ ಹೊಸದೇ ಎಂದು ಸರ್ಕಾರದ ವಕೀಲರು ಕುಟುಂಬಗಳ ಪರವಾಗಿ ವಾದಿಸಿದರು. ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಕಾನೂನು ಬದಲಾದ ಮಾತ್ರಕ್ಕೆ ಹಳೆಯ ಸಾಕ್ಷ್ಯ ಹೊಸದಾಗುವುದಿಲ್ಲ ಎಂದಿತು. ಆ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 13ರಂದು. ಕೊಲೀನ್ ಕಾಣೆಯಾಗಿ ಅಂದಿಗೆ ಸರಿಯಾಗಿ 28 ವರ್ಷ. ಮರುವರ್ಷ ಮಾರ್ಚ್‌ನಲ್ಲಿ ಹೈಕೋರ್ಟ್ ಕೂಡ ಮೇಲ್ಮನವಿಗೆ ಅನುಮತಿ ನಿರಾಕರಿಸಿತು. ಆ ದೇಶದಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ, ಅದರಾಚೆಗೆ ಹೋಗಲು ಜಾಗವಿಲ್ಲ.

ನ್ಯಾಯಾಧೀಶರು ಕಾನೂನಿನ ಅಕ್ಷರವನ್ನು ತಪ್ಪಾಗಿ ಓದಿದರು ಎಂದು ನಾನು ಹೇಳಲಾರೆ. ಎರಡು ಸಲ ಖುಲಾಸೆಯಾದವನಿಗೂ ಹಕ್ಕಿದೆ. ಆದರೆ ಸಾಕ್ಷ್ಯ ಅಷ್ಟು ತೆಳುವಾಗಿ ಉಳಿದದ್ದು ಏಕೆ? ಯಾರು ಎಲ್ಲಿದ್ದರು, ಯಾವ ಕಾರು ಯಾವ ಕಡೆ ಹೋಯಿತು ಎಂಬ ನೆನಪು ಬಿಸಿಯಾಗಿದ್ದ ಮೊದಲ ದಿನಗಳನ್ನು 'ಎಲ್ಲೋ ಅಲೆಯಲು ಹೋಗಿರಬೇಕು' ಎಂದು ಕೈಬಿಟ್ಟವರು ನ್ಯಾಯಾಧೀಶರಲ್ಲ. ಮುಂದೆ ವರ್ಷಗಟ್ಟಲೆ ಈ ತನಿಖೆ ನಡೆಸಿದ ಪೊಲೀಸ್ ಅಧಿಕಾರಿ ಗ್ಯಾರಿ ಜುಬೆಲಿನ್, ಪ್ರಕರಣಕ್ಕೆ ಸಿಗಬೇಕಾದ ಗಮನ ಸಿಗದಿದ್ದುದಕ್ಕೆ ಜನಾಂಗವೂ ಕಾರಣ ಎಂದು ಬಹಿರಂಗವಾಗಿಯೇ ಹೇಳಿದರು. ರಾಜ್ಯದ ಸಂಸದೀಯ ಸಮಿತಿ 2014ರಲ್ಲಿ ಕುಟುಂಬಗಳ ಮಾತನ್ನು ಕೇಳಿ ವರದಿ ಕೊಟ್ಟಿತು. 2016ರಲ್ಲಿ ಪೊಲೀಸ್ ಆಯುಕ್ತ ಆಂಡ್ರ್ಯೂ ಸಿಪಿಯೋನಿ ಕುಟುಂಬಗಳ ಕ್ಷಮೆ ಕೇಳಿದರು, 26 ವರ್ಷ ತಡವಾಗಿ.

ಬೌರಾವಿಲ್‌ನ ಕಥೆ ಬೌರಾವಿಲ್‌ನದಷ್ಟೇ ಅಲ್ಲ. ಕಾಣೆಯಾದ ಮತ್ತು ಕೊಲೆಯಾದ ಮೂಲನಿವಾಸಿ ಮಹಿಳೆಯರು, ಮಕ್ಕಳ ಬಗ್ಗೆ ಆಸ್ಟ್ರೇಲಿಯಾದ ಸೆನೆಟ್ ಸಮಿತಿ 2024ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. 1989-90ರಿಂದ 2022-23ರವರೆಗೆ ಹತ್ಯೆಯಾದ ಮೂಲನಿವಾಸಿ ಮಹಿಳೆಯರು 476 ಎನ್ನುತ್ತದೆ ದಾಖಲೆ. ಕಾಣೆಯಾದವಳು ಸತ್ತಿದ್ದಾಳೆಂದೇ ಒಪ್ಪದ ಕಡೆ ಅವಳು ಈ ಲೆಕ್ಕಕ್ಕೂ ಸೇರುವುದಿಲ್ಲ.

ಎವ್ಲಿನ್ ಮತ್ತು ಕ್ಲಿಂಟನ್‌ರನ್ನು ಮನೆಯವರು ಮಣ್ಣು ಮಾಡಿದರು. ಕೊಲೀನ್‌ಳ ವಿಷಯದಲ್ಲಿ ಅಷ್ಟೂ ಆಗಿಲ್ಲ. ಅವಳದೆಂದು ಹೊಳೆಯಿಂದ ಬಂದದ್ದು ಆ ಬಟ್ಟೆ ಮಾತ್ರ.