4294967297: ಹತ್ತು ಅಂಕಿಯ ಸಂಖ್ಯೆ, ಬೆರಳೆಣಿಕೆಯ ಭಾಗಾಕಾರ

3, 5, 17, 257, 65537. ಐದೂ ಅವಿಭಾಜ್ಯ. 2ರ ಘಾತ 1, 2, 4, 8, 16 ಮಾಡಿ 1 ಕೂಡಿಸಿದರೆ ಇವು ಬರುತ್ತವೆ. ಮುಂದಿನದು 2³² + 1, ಅಂದರೆ 4294967297. ಇದೂ ಅವಿಭಾಜ್ಯ ಎಂದೇ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು ಒಡೆದರು: 641 × 6700417.

641 ಭಾಗಿಸುತ್ತದೆ ಎಂದು ತೋರಿಸೋದು ಸುಲಭ. 640 = 5 × 2⁷. 641ರಿಂದ ಭಾಗಿಸಿ ಶೇಷ ಮಾತ್ರ ನೋಡುವಾಗ 641 ಅಂದರೆ 0, ಹಾಗಾಗಿ 640 ಅಂದರೆ −1. ನಾಲ್ಕನೇ ಘಾತ ಮಾಡಿದರೆ 5⁴ × 2²⁸ ಅಂದರೆ 1. ಆದರೆ 5⁴ = 625 = 641 − 16, ಅಂದರೆ −2⁴. ಹಾಗಾಗಿ −2³² ಅಂದರೆ 1, ಅಂದರೆ 2³² + 1ಕ್ಕೆ ಶೇಷ ಸೊನ್ನೆ. ಮುಗೀತು.

ಆದರೆ 641 ಹೊಳೆಯೋದು ಹೇಗೆ? ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇಲ್ಲೇ.

ನಮ್ಮ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ 'ಪ' ಇರಲಿ. ಪ ಲೆಕ್ಕದಲ್ಲಿ (ಪದಿಂದ ಭಾಗಿಸಿ ಶೇಷ ಮಾತ್ರ ನೋಡಿದರೆ) 2³² ಅಂದರೆ −1. ವರ್ಗ ಮಾಡಿದರೆ 2⁶⁴ ಅಂದರೆ 1. 2ರ ಯಾವ ಘಾತ ಮೊದಲ ಸಲ 1 ಆಗುತ್ತದೋ ಅದೇ 2ರ ಆರ್ಡರ್. ಪುಸ್ತಕಗಳು ತಕ್ಷಣ 'ಆರ್ಡರ್ 64' ಎಂದು ಮುಂದೆ ಹೋಗುತ್ತವೆ. 64ರಲ್ಲಿ 1 ಬಂತು ಸರಿ, ಅದಕ್ಕಿಂತ ಮೊದಲೇ ಬಂದಿರಬಾರದಾ? ನಿಧಾನವಾಗಿ ನೋಡೋಣ. ಆರ್ಡರ್ ಯಾವಾಗಲೂ 64ನ್ನು ಭಾಗಿಸಬೇಕು. ಹಾಗಾಗಿ ಅದು 1, 2, 4, 8, 16, 32, 64ರಲ್ಲಿ ಒಂದು. 64 ಬಿಟ್ಟು ಉಳಿದ ಎಲ್ಲವೂ 32ನ್ನು ಭಾಗಿಸುತ್ತವೆ. ಅವುಗಳಲ್ಲಿ ಒಂದು ಆರ್ಡರ್ ಆಗಿದ್ದರೆ 2³² ಕೂಡ 1 ಆಗಬೇಕಿತ್ತು. ಆದರೆ ಅದು −1. 1 ಮತ್ತು −1 ಒಂದೇ ಆಗೋದು ಪ = 2 ಇದ್ದರೆ ಮಾತ್ರ. ನಮ್ಮದು ಬೆಸ ಸಂಖ್ಯೆ, ಅಲ್ವಾ? ಹಾಗಾಗಿ 64 ಬಿಟ್ಟು ಬೇರೆ ದಾರಿಯಿಲ್ಲ.

ಫರ್ಮಾರ ಚಿಕ್ಕ ಪ್ರಮೇಯದಂತೆ ಆರ್ಡರ್ ಪ − 1ನ್ನು ಭಾಗಿಸುತ್ತದೆ. ಅಂದರೆ ಪ = 64ಕ + 1, ಇಲ್ಲಿ ಕ ಒಂದು ಪೂರ್ಣಸಂಖ್ಯೆ. ಫರ್ಮಾರ ಊಹೆ ಬಿದ್ದದ್ದು ಅವರದೇ ಪ್ರಮೇಯದಿಂದ! 1878ರಲ್ಲಿ ಲೂಕಾಸ್ ಇದನ್ನು 128ಕ + 1 ಎಂದು ಇನ್ನೂ ಬಿಗಿ ಮಾಡಿದರು. ಪ − 1ನ್ನು 8 ಭಾಗಿಸುವುದರಿಂದ ಪ ಲೆಕ್ಕದಲ್ಲಿ 2 ಒಂದು ವರ್ಗ, ಅಂದರೆ ಯಾವುದೋ ಸಂಖ್ಯೆಯ ವರ್ಗಕ್ಕೆ ಶೇಷ 2. ಆ ವರ್ಗಮೂಲದ ಆರ್ಡರ್ 128, ಅದೂ ಪ − 1ನ್ನು ಭಾಗಿಸಬೇಕು.

ಈಗ ನನ್ನ ಮೆಚ್ಚಿನ ಭಾಗ. 129, 257, 385, 513, 641. ಇವುಗಳಲ್ಲಿ ಅವಿಭಾಜ್ಯ ಎರಡೇ, 257 ಮತ್ತು 641. 4294967295 = 3 × 5 × 17 × 257 × 65537 ಆಗಿರುವುದರಿಂದ 257ಕ್ಕೆ ಶೇಷ 2 ಉಳಿಯುತ್ತದೆ. ಭಾಗಿಸಿ ನೋಡಬೇಕಾದ ಮೊದಲ ಸಂಖ್ಯೆಯೇ 641.

6700417 ಅವಿಭಾಜ್ಯವೇ? ಅದರ ವರ್ಗಮೂಲ 2588ರ ಆಸುಪಾಸು. ಅದನ್ನು ಭಾಗಿಸುವ ಅವಿಭಾಜ್ಯವೂ 128ಕ + 1 ರೂಪದಲ್ಲೇ ಇರಬೇಕು. 257 ಆಗಲೇ ಹೋಯಿತು. 2588ರೊಳಗೆ ಉಳಿಯೋದು 641, 769, 1153, 1409 ಮಾತ್ರ. ಶೇಷ ಕ್ರಮವಾಗಿ 44, 120, 334, 622. ಯಾವುದೂ ಸೊನ್ನೆಯಲ್ಲ, ಹಾಗಾಗಿ 6700417 ಅವಿಭಾಜ್ಯ.